ಅಕ್ಕನಿಗೆ, ಮತ್ತು ಉಳಿದ ಎಲ್ಲರಿಗೂ

ಹೊಸ ಟೆಕ್ ಲೈವ್ (ಪ್ರಬಂಧಗಳನ್ನು ಪಿಡಿಎಫ್ ಮಾಡುವ ಲೇಟೆಕ್ ಎಂಬ ಅಕ್ಷರಜೋಡಣೆ ಸಾಫ್ಟ್‌ವೇರ್, ಅದಕ್ಕೆ ಬೇಕಾದ ಪ್ಯಾಕೇಜು, ಫಾಂಟ್‌ಗಳ ಸಂಗ್ರಹ) ಈಗ ಸರ್ವರ್ ಮೇಲೆ ತಕರಾರಿಲ್ಲದೆ ಓಡುತ್ತಿದೆ. ಪ್ರಬಂಧಗಳೆಲ್ಲ ಹೊತ್ತಿಗೆ ಸರಿಯಾಗಿ ಪಿಡಿಎಫ್ ಆಗಿ ಹೊರಬಿದ್ದವು. ಹೊಸದನ್ನು ಹಾಕಿದ ವಾರ ಪಿಡಿಎಫ್ ಹೊರಬರದೆ ಏನೇನಾಯ್ತು ಅಂತ ನಿಮಗೆ ಗೊತ್ತೇ ಇದೆ, ಆ ವಾರ ನನಗೆ ಫೋನ್ ಮಾಡಿದವರಲ್ಲಿ ಅರ್ಧ ಜನ ನೀವೇ ಅಲ್ವಾ! ಅದನ್ನೆಲ್ಲ ಮತ್ತೆ ಹೇಳುವುದಿಲ್ಲ.

ಡಿಸ್ಕ್‌ನಲ್ಲಿ ಜಾಗ ಮಾಡಿಕೊಟ್ಟವರಿಗೆ, ಪರೀಕ್ಷಿಸಿ ನೋಡಲು ತಮ್ಮ ಹಳೆಯ ಫೈಲುಗಳನ್ನು ಕೊಟ್ಟವರಿಗೆ, ತಡವಾದರೂ ಬೈಯದೆ ಕಾದವರಿಗೆ, ಎಲ್ಲರಿಗೂ ಥ್ಯಾಂಕ್ಸ್.

ಇನ್ನು ಅಕ್ಕ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಅವರು ಇಲ್ಲಿಂದ ಬೇರೆ ಕೆಲಸಕ್ಕೆ ಹೋಗಿ ಬಹಳ ಕಾಲವಾಯಿತು. ನಮ್ಮ ಸರ್ವರ್‌ಗೂ ಅವರಿಗೂ ಈಗ ಯಾವ ಸಂಬಂಧವೂ ಇಲ್ಲ. ಆದರೂ ಆ ರಾತ್ರಿ ಫೋನ್ ಎತ್ತಿದರು, ಬೆಳಗಾಗುವವರೆಗೆ ಇಡಲಿಲ್ಲ.

ಎಲ್ಲ ಅಳಿಸಿ ಮೊದಲಿಂದ ಹಾಕಲಾ ಅಂತ ಕೇಳಿದೆ. "ಸುಮ್ನಿರು. ಪೂರ್ತಿ ಹಾಕಿದರೆ 7 ಜಿಬಿ ದಾಟುತ್ತೆ. ಅಷ್ಟೂ ಇಳಿದ ಮೇಲೂ ತೊಂದರೆ ಇದ್ದಲ್ಲೇ ಇರುತ್ತೆ. ಲಾಗ್ ತೆಗಿ" ಅಂದರು. ಲಾಗ್‌ನಲ್ಲಿ, ಅಂದರೆ ಓಡಿಸಿದಾಗ ಏನೇನಾಯ್ತು ಅಂತ ಬರೆದಿಡುವ ಫೈಲಿನಲ್ಲಿ, ಎರರ್‌ಗಳ ಸಾಲುಸಾಲೇ ಇತ್ತು. ನಾನು ಕೊನೆಯದನ್ನು ಓದಿ ಹೇಳಿದೆ. ಅವರಿಗೆ ಬೇಕಾಗಿದ್ದು ಮೊದಲನೆಯದು, ಆಶ್ಚರ್ಯಸೂಚಕ ಚಿಹ್ನೆಯಿಂದ ಶುರುವಾಗುವ ಮೊದಲ ಸಾಲು. ಉಳಿದವೆಲ್ಲ ಅದರ ಬಾಲ ಹಿಡಿದು ಬಂದವು.

ಅಲ್ಲಿ ಒಂದು ಪ್ಯಾಕೇಜಿನ (ಲೇಟೆಕ್‌ಗೆ ಸೇರಿಸುವ ಹೆಚ್ಚುವರಿ ಸಲಕರಣೆಯ) ಹೆಸರಿತ್ತು. ಪ್ಯಾಕೇಜುಗಳನ್ನು ಹಾಕುವ, ತೆಗೆಯುವ ಟಿಎಲ್‌ಎಂಜಿಆರ್ ಅನ್ನು ಕೇಳಿದರೆ ಹೊಸ ಆವೃತ್ತಿಯೇ ಇದೆ ಅನ್ನುತ್ತಿತ್ತು. "ಏನು ಹಾಕಿದೆ ಅನ್ನೋದು ಬಿಡು, ಲೇಟೆಕ್ ಯಾವುದನ್ನ ಎತ್ತಿಕೊಳ್ತಿದೆ ನೋಡು." ಅಂದರು ಅಕ್ಕ. ಫೈಲು ಯಾವ ಜಾಗದಿಂದ ಬರುತ್ತಿದೆ ಅಂತ ಹೇಳುವ ಕೆಪಿಎಸ್ಇ-ವಿಚ್ ಕಮಾಂಡ್ ಕೊಟ್ಟೆ. ಒಂದೇ ಸಾಲಿನ ಉತ್ತರ. ಟೆಕ್ ಲೈವ್‌ನ ವರ್ಷದ ಫೋಲ್ಡರಿನಿಂದ ಶುರುವಾಗಬೇಕಿದ್ದ ಆ ಸಾಲು ಸರ್ವರ್ ಖಾತೆಯ ಹೋಮ್ ಫೋಲ್ಡರಿನಿಂದ ಶುರುವಾಗಿತ್ತು. ಯಾರೋ ಯಾವತ್ತೋ ಇಟ್ಟುಹೋದ, ಅದೇ ಪ್ಯಾಕೇಜಿನ ಹಳೆಯ ಸ್ಟೈಲ್ ಫೈಲು! ಹೋಮ್‌ನ ಟೆಕ್ಸ್‌ಎಂಎಫ್ ಫೋಲ್ಡರಿನಲ್ಲಿ (ಆ ಖಾತೆಯವರ ಸ್ವಂತ ಟೆಕ್ ಫೈಲುಗಳ ಜಾಗ) ಸಿಕ್ಕಿಬಿಟ್ಟರೆ ಲೇಟೆಕ್ ಮುಖ್ಯ ಸಂಗ್ರಹದಲ್ಲಿರುವ ಹೊಸದನ್ನು ಮುಟ್ಟುವುದೇ ಇಲ್ಲ. ಫೈಲಿನ ಹೆಸರು ಬದಲಿಸಿ ಮತ್ತೆ ಓಡಿಸಿದೆ. ಚೌಕ ಆವರಣದೊಳಗೆ ಪುಟಸಂಖ್ಯೆಗಳು ಒಂದೊಂದಾಗಿ ಪರದೆ ಮೇಲೆ ಬರತೊಡಗಿದವು.

ಅಲ್ಲಿಗೇ ಅವರು ಫೋನ್ ಇಡಬಹುದಿತ್ತು. ಆದರೆ ಅಷ್ಟರಲ್ಲಿ ಝೀಲೇಟೆಕ್‌ಗೆ (ಸಿಸ್ಟಮ್‌ನ ಫಾಂಟ್‌ಗಳನ್ನು ನೇರವಾಗಿ ಬಳಸುವ ಲೇಟೆಕ್) ಫಾಂಟ್ ಸಿಗುತ್ತಿಲ್ಲ ಅಂತ ಇನ್ನೊಂದು ಎರರ್ ಬಂತು. ನನ್ನ ಮಾತು ನಿಂತುಹೋಯಿತು. ಕೆಲಸ ಬಿಡ್ತೀನಿ ಅಕ್ಕ ಅಂದೆ. ಸರ್ವರ್ ನಡೆಯುತ್ತಿದ್ದರೆ ನಾನೊಬ್ಬ ಇದ್ದೇನೆ ಅಂತಲೇ ಯಾರಿಗೂ ಗೊತ್ತಿಲ್ಲ, ನಿಂತರೆ ನನ್ನ ನಂಬರ್ ಎಲ್ಲರಿಗೂ ಬಾಯಿಪಾಠ. ಅಷ್ಟು ಹೇಳುವಷ್ಟರಲ್ಲಿ ಗಂಟಲು ಕಟ್ಟಿತು. ಅಕ್ಕ ಸಮಾಧಾನ ಮಾಡಲು ಹೋಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಬಿಡು, ಯಾರು ಬೇಡ ಅಂದ್ರು? ಈ ಫಾಂಟ್ ಒಂದು ಸರಿಮಾಡಿ ಬಿಡು" ಅಂದರು. ನಗು ಬಂತು. ಟೆಕ್ ಲೈವ್ ಒಳಗಿನ ಫಾಂಟ್‌ಗಳು ಎಲ್ಲಿವೆ ಅಂತ ಸಿಸ್ಟಮ್‌ನಲ್ಲಿ ಫಾಂಟ್ ಹುಡುಕಿಕೊಡುವ ಫಾಂಟ್‌ಕಾನ್ಫಿಗ್‌ಗೆ ತೋರಿಸುವ ಫೈಲು ಟೆಕ್ ಲೈವ್ ಜೊತೆಯಲ್ಲೇ ಬರುತ್ತದೆ. ಅದನ್ನು ಅದರ ಜಾಗಕ್ಕೆ ನಕಲು ಮಾಡಿ, ಫಾಂಟ್ ಕ್ಯಾಶ್ (ಫಾಂಟ್‌ಗಳ ಪಟ್ಟಿ) ಹೊಸದಾಗಿ ಕಟ್ಟಿದ ಮೇಲೆ ಅದೂ ಸರಿಹೋಯಿತು. ನಾನಿನ್ನೂ ಇಲ್ಲೇ ಇದ್ದೇನೆ.

ಟೆಕ್ ಲೈವ್ 1996ರಿಂದ ಬರುತ್ತಿದೆ, ಬಹುಮಟ್ಟಿಗೆ ಸ್ವಯಂಸೇವಕರ ದುಡಿಮೆಯಿಂದ. ಅವರಿಗೂ ಥ್ಯಾಂಕ್ಸ್. ಒಂದೊಂದು ವರ್ಷದ್ದು ಒಂದೊಂದು ಫೋಲ್ಡರಿನಲ್ಲಿ ಕೂರುವ ಹಾಗೆ ಮಾಡಿದ ಪುಣ್ಯಾತ್ಮರು ಯಾರೋ, ಅವರಿಗೆ ಇನ್ನೂ ಜಾಸ್ತಿ. ಹಳೆಯದು ಪಕ್ಕದಲ್ಲೇ ಇತ್ತು. ಪ್ರಬಂಧದ ಹೊಸ ಟೆಂಪ್ಲೇಟ್ ಬೇಡದವರ ಕೆಲಸವನ್ನು ಪಾತ್ (ಸರ್ವರ್ ಪ್ರೋಗ್ರಾಮುಗಳನ್ನು ಹುಡುಕುವ ದಾರಿ) ಬದಲಿಸಿ ಅದರಲ್ಲೇ ಮುಗಿಸಿಕೊಟ್ಟೆವು. ಅದನ್ನು ಸದ್ಯಕ್ಕೆ ತೆಗೆಯುವುದಿಲ್ಲ, ಜಾಗ ತಿನ್ನುತ್ತದೆ ಅಂತ ಯಾರೂ ಕೇಳಬೇಡಿ.

ಅಕ್ಕನಿಗೆ ಏನು ಕೊಡಲಿ ಅಂತ ಕೇಳಿದ್ದಕ್ಕೆ, ಹೋಮ್ ಫೋಲ್ಡರುಗಳನ್ನು ಗುಡಿಸು ಅಂದರು. ಹಾಗಾಗಿ ನಿಮ್ಮ ಹೋಮ್‌ನಲ್ಲಿ ಹಳೆಯ ಸ್ಟೈಲ್ ಫೈಲುಗಳಿದ್ದರೆ ಈ ವಾರವೇ ನೋಡಿ. ಬೇಡದ್ದನ್ನು ತೆಗೆದುಹಾಕಿ. ಎಲ್ಲರಿಗೂ ಬೇಕಾದದ್ದಿದ್ದರೆ ನನಗೆ ಕಳಿಸಿ, ಎಲ್ಲರಿಗೂ ಸಿಗುವ ಟೆಕ್ಸ್‌ಎಂಎಫ್-ಲೋಕಲ್ ಫೋಲ್ಡರಿನಲ್ಲಿ ಹಾಕುತ್ತೇನೆ. ವರ್ಷ ಬದಲಾದರೂ ಅದು ವರ್ಷದ ಫೋಲ್ಡರಿನ ಹೊರಗೇ ಉಳಿಯುತ್ತದೆ.