ಸಲಹೆ ಕೇಳೋಕೆ ಕರೆದಿದ್ದಾ, ಸಹಿ ಹಾಕಿಸೋಕಾ?

ಸಂಪಾದಕರೇ,

ಯುವ ಉತ್ಸವದ ಪೂರ್ವಭಾವಿ ಸಭೆಯ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ನೋಡಿದೆ. ‘ಗ್ರಾಮೀಣ ಯುವಕರ ಅಭಿಪ್ರಾಯ ಪಡೆದೇ ಕಾರ್ಯಕ್ರಮ ರೂಪಿಸಲಾಗಿದೆ’ ಅಂತ ಅಧಿಕಾರಿಗಳು ಹೇಳಿದ್ದಾರೆ. ಫೋಟೊದಲ್ಲಿ ಹಿಂದಿನ ಸಾಲಿನಲ್ಲಿ ಅರ್ಧ ಮುಖ ಕಾಣುತ್ತಿರುವ ಗ್ರಾಮೀಣ ಯುವಕ ನಾನೇ. ನನ್ನ ಅಭಿಪ್ರಾಯ ಯಾರು, ಯಾವಾಗ ಪಡೆದರೋ ನನಗಂತೂ ಗೊತ್ತಾಗಲಿಲ್ಲ.

ಹತ್ತು ಗಂಟೆಗೆ ಬನ್ನಿ ಅಂದಿದ್ದರು. ಒಂದು ದಿನದ ಕೂಲಿ ಬಿಟ್ಟು, ಸಖರಾಯಪಟ್ಟಣದಲ್ಲಿ ಸೀಟಿಲ್ಲದ ಬಸ್ ಹತ್ತಿ, ಚಿಕ್ಕಮಗಳೂರಿನವರೆಗೂ ನಿಂತುಕೊಂಡೇ ಹೋದೆವು. ಸಾಹೇಬರು ಬಂದಾಗ ಹನ್ನೆರಡು ದಾಟಿತ್ತು. ಸ್ವಾಗತ, ಹಾರ, ಶಾಲು ಮುಗಿಯುವಷ್ಟರಲ್ಲಿ ಊಟದ ಹೊತ್ತು. ಊಟಕ್ಕೆ ಮೊದಲು ನಮ್ಮ ಕೈಗೊಂದು ಹಾಜರಿ ಪಟ್ಟಿ ಬಂತು, ಸಹಿ ಹಾಕಿ ಅಂದರು. ಅದರ ಜೊತೆಗೇ ಕಾರ್ಯಕ್ರಮದ ಪಟ್ಟಿಯೂ ಬಂತು, ಬಣ್ಣದಲ್ಲಿ ಅಚ್ಚಾಗಿ! ಇನ್ನು ಸಲಹೆ ಯಾತಕ್ಕೆ?

ಆ ಪಟ್ಟಿಯಲ್ಲಿ ವೀರಗಾಸೆಗೆ ಐದು ನಿಮಿಷ. ಕಡೂರು, ಬೀರೂರು ಕಡೆಯ ಯಾವ ಹುಡುಗನನ್ನು ಕೇಳಿದ್ದರೂ ಹೇಳುತ್ತಿದ್ದ, ದಕ್ಷಯಜ್ಞದ ಕಥೆಯ ಒಡಪು ಹೇಳಿ, ಸಮಾಳ ವಾದ್ಯಕ್ಕೆ ಕಾವು ಏರಿ, ಕುಣಿತ ಬಿಸಿಯಾಗುವುದಕ್ಕೇ ಅಷ್ಟು ಹೊತ್ತು ಬೇಕು ಅಂತ. ಅಂಟಿಕೆ ಪಂಟಿಕೆಯನ್ನಂತೂ ಮಧ್ಯಾಹ್ನ ವೇದಿಕೆ ಮೇಲೆ ಇಟ್ಟಿದ್ದಾರೆ. ಅದು ದೀಪಾವಳಿ ರಾತ್ರಿ ಜ್ಯೋತಿ ಹಿಡಿದು ಮನೆಮನೆಗೆ ಹೋಗಿ ಹಾಡುವ ಪದ ಅಲ್ವಾ? ಕೊಪ್ಪ ಕಡೆಯ ಹುಡುಗನೊಬ್ಬ ಇದನ್ನೇ ಹೇಳಲು ಎದ್ದು ನಿಂತ. ‘ಬರೆದು ಕೊಡಪ್ಪ, ನೋಡೋಣ’ ಅಂದರು. ಬರೆಯಲು ಹಾಳೆ ಕೇಳಿದರೆ ಅದೂ ಇಲ್ಲ. ಸಿನಿಮಾ ಹಾಡಿನ ಡ್ಯಾನ್ಸಿಗೆ ಮಾತ್ರ ಸಂಜೆಯ ಒಳ್ಳೆ ಹೊತ್ತು ಮೀಸಲು.

ಇದೇನು ಹೊಸದಲ್ಲ ಬಿಡಿ. ಮಂತ್ರಿಗಳು ಬಂದರೆ ಮೆರವಣಿಗೆ ಮುಂದೆ ಬಿಸಿಲಲ್ಲಿ ಕುಣಿಯಲು ನಾವು ಬೇಕು. ಸಂಭಾವನೆ ಕೇಳಲು ಹೋದರೆ ಪಾಸ್‌ಬುಕ್ ಜೆರಾಕ್ಸ್ ಕೊಡಿ, ಆಧಾರ್ ಕೊಡಿ, ಕೊಟ್ಟಿದ್ದು ಸಿಗುತ್ತಿಲ್ಲ, ಇನ್ನೊಮ್ಮೆ ಕೊಡಿ. ಕೊಟ್ಟ ಜೆರಾಕ್ಸ್ ಎಲ್ಲಾ ಸೇರಿಸಿದ್ದರೆ ಆ ಕಚೇರಿಯಲ್ಲಿ ಒಂದು ಪ್ರದರ್ಶನವನ್ನೇ ಇಡಬಹುದಿತ್ತು. ಕೇಸ್ ವರ್ಕರ್ ಸೀಟಲ್ಲಿ ಇರುವುದೇ ಅಪರೂಪ. ಇದ್ದರೆ ಸರ್ವರ್ ಇರುವುದಿಲ್ಲ. ನಮ್ಮೂರ ಬೀದಿ ದೀಪದ ಅರ್ಜಿಯ ಗತಿಯೂ ಇದೇ, ಅದು ಬೇರೆ ಕಚೇರಿ, ಆದರೆ ಮಾತು ಒಂದೇ: ‘ಮೇಲಿಂದ ಬಂದಿಲ್ಲ’. ಆ ದಿನ ಸಭೆ ಮುಗಿಸಿ ಕತ್ತಲಲ್ಲಿ ತಡವರಿಸಿಕೊಂಡು ಮನೆ ಸೇರಿದ್ದೂ ಆ ದೀಪದ ದಯೆ.

ಮುಂದಿನ ಸಲ ಪಟ್ಟಿ ಅಚ್ಚಾಗುವ ಮುಂಚೆ, ಹೋಬಳಿಗೇ ಬಂದು, ಸಂಜೆ ಹೊತ್ತು ಸಭೆ ಮಾಡಲಿ. ಆಗಲ್ಲ ಅಂದರೆ ನಮ್ಮನ್ನು ಕರೆಯುವುದನ್ನೇ ಬಿಡಲಿ, ಸುಮ್ನೆ ಕೂಲಿಯಾದರೂ ಉಳಿಯುತ್ತದೆ. ಬಾಕಿ ಸಂಭಾವನೆ ಮೊದಲು ಹಾಕಲಿ. ವೀರಗಾಸೆಗೆ ಐದು ನಿಮಿಷ ಸಾಕು ಅಂದ ಮಹಾನುಭಾವರು ಯಾರೋ, ಅವರೇ ಒಂದು ಸಲ ಗೆಜ್ಜೆ ಕಟ್ಟಿ, ಕತ್ತಿ ಹಿಡಿದು, ಐದು ನಿಮಿಷದಲ್ಲಿ ಮುಗಿಸಿ ತೋರಿಸಲಿ.

– ಫೋಟೊದಲ್ಲಿ ಅರ್ಧ ಕಂಡವನು,
ಸಖರಾಯಪಟ್ಟಣ ಹೋಬಳಿ, ಕಡೂರು ತಾಲ್ಲೂಕು