ಆ 180 ರೂಪಾಯಿಯ ಬಗ್ಗೆ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಕಳೆದ ಶನಿವಾರದ ಸಭೆಯಲ್ಲಿ ತರಗತಿ ಆ್ಯಪ್‌ನ ದುಡ್ಡಿನ ಮಾತು ಬಂದಾಗ ಸ್ವಲ್ಪ ಬಿಸಿಯೇ ಆಯಿತು. "ಇಷ್ಟು ವರ್ಷ ಪುಕ್ಕಟೆ ಇದ್ದದ್ದಕ್ಕೆ ಈಗ್ಯಾಕೆ 180 ರೂಪಾಯಿ?" ಎಂದು ಮೇಗರವಳ್ಳಿ ಕಡೆಯ ಒಬ್ಬ ತಂದೆ ಕೇಳಿದರು. ಕೇಳಿದ್ದು ಸರಿಯೇ. ಅಂದು ಮಳೆ ಜೋರಾಯಿತು, ನಿಮಗೆಲ್ಲ ಬಸ್ಸಿಗೆ ಹೊತ್ತಾಯಿತು, ನಾನು ಅರ್ಧ ಉತ್ತರ ಕೊಟ್ಟು ಸುಮ್ಮನಾದೆ. ಉಳಿದರ್ಧ ಇಲ್ಲಿದೆ.

2020ರಲ್ಲಿ ಶಾಲೆ ಮುಚ್ಚಿದಾಗ ನಾವು ಹಿಡಿದ ಆ್ಯಪ್ ಇದು. ಆಗ ಎಲ್ಲವೂ ಉಚಿತವಾಗಿತ್ತು. ಈ ಜೂನ್‌ನಿಂದ ದುಡ್ಡು ಕೊಡದ ಶಾಲೆಗೆ ಹಳೆಯ ಪಾಠಗಳನ್ನು ಇಟ್ಟುಕೊಳ್ಳಲು ಬಿಡುವುದಿಲ್ಲ ಎಂದು ಕಂಪನಿಯವರು ಬರೆದಿದ್ದಾರೆ. ಇದು ನಮಗೊಬ್ಬರಿಗೇ ಬಂದ ಕಷ್ಟವಲ್ಲ. 2020ರಲ್ಲಿ ಝೂಮ್ ತನ್ನ ಉಚಿತ ವಿಡಿಯೋ ಕರೆಗಿದ್ದ 40 ನಿಮಿಷದ ಮಿತಿಯನ್ನು ಶಾಲೆಗಳಿಗೆಂದು ತೆಗೆದಿತ್ತು, ಆಮೇಲೆ ಮತ್ತೆ ಹಾಕಿತು. ನಮ್ಮದರಂಥದ್ದೇ ತರಗತಿ ಆ್ಯಪ್ ಎಡ್ಮೋಡೊ 2022ರ ಸೆಪ್ಟೆಂಬರ್‌ನಲ್ಲಿ ಬಾಗಿಲು ಹಾಕಿತು. ಪರದೆಯ ಮೇಲೆ ಬರೆಯುವ ಹಲಗೆಯಂತಿದ್ದ ಗೂಗಲ್‌ನ ಜ್ಯಾಮ್‌ಬೋರ್ಡ್ 2024ರ ಕೊನೆಗೆ ನಿಂತಿತು. ಹಾಗಾಗಿ ಇದನ್ನು ಬಿಟ್ಟು ಇನ್ನೊಂದು ಉಚಿತ ಆ್ಯಪ್‌ಗೆ ಹಾರಿದರೆ, ಅದೂ ಎರಡು ವರ್ಷಕ್ಕೆ ಹೀಗೇ ಆಗಬಹುದು, ಅಲ್ವಾ? ಹತ್ತನೇ ತರಗತಿಯವರನ್ನು ವರ್ಷದ ನಡುವೆ ಅಂಥ ಓಡಾಟಕ್ಕೆ ಹಾಕಲು ನನಗೆ ಮನಸ್ಸಿಲ್ಲ.

ನಾವು ಕಣ್ಣು ಮುಚ್ಚಿ ದುಡ್ಡು ಕಟ್ಟುತ್ತಿಲ್ಲ. ನಾಲ್ಕು ಆ್ಯಪ್ ಬಳಸುತ್ತಿದ್ದೆವು, ಮೂರನ್ನು ಬಿಟ್ಟಿದ್ದೇವೆ. ರಸಪ್ರಶ್ನೆ ಆಡಿಸಲು ಕರಿಹಲಗೆ ಸಾಕು. ಗಣಿತಕ್ಕೆ ಜಿಯೋಜೀಬ್ರಾ, ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೆ ದೀಕ್ಷಾ. ಇವೆರಡೂ ಉಚಿತ, ಆ ನಾಲ್ಕರ ಲೆಕ್ಕಕ್ಕೆ ಸೇರಿದವಲ್ಲ, ಮೊದಲಿನಂತೆಯೇ ಮುಂದುವರಿಯುತ್ತವೆ. ಬೆಂಗಳೂರಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಮೂಡಲ್ ಹಾಕಿಕೊಳ್ಳಿ ಎಂದ. ಒಳ್ಳೆಯ ಸಲಹೆ. ಪಾಠ, ಮನೆಗೆಲಸ ಹಾಕಿಡಲು 2002ರಿಂದ ಇರುವ ಉಚಿತ ತಂತ್ರಾಂಶ ಅದು. ಆದರೆ ಅದನ್ನು ಇಡಲು ಸರ್ವರ್ ಬೇಕು, ಅದಕ್ಕೆ ಬಾಡಿಗೆ ಬೇಕು, ಕೆಟ್ಟಾಗ ನೋಡಿಕೊಳ್ಳಲು ಒಬ್ಬರು ಬೇಕು. ಆ ಒಬ್ಬರು ಸದ್ಯಕ್ಕೆ ನಮ್ಮಲ್ಲಿಲ್ಲ.

ಈಗ ವಾಟ್ಸಾಪ್ ವಿಷಯ. ಸಭೆಯಲ್ಲಿ ಐದಾರು ಜನ ಕೇಳಿದ್ದು ಇದನ್ನೇ: "ವಾಟ್ಸಾಪ್ ಗ್ರೂಪ್ ಇದೆಯಲ್ಲ ಮೇಡಂ, ಅದರಲ್ಲೇ ಹಾಕಿ." ನಿಮ್ಮ ಮಾತು ನನಗೆ ಅರ್ಥವಾಗುತ್ತದೆ. ರಜೆಯ ಸುದ್ದಿ, ಬಸ್ಸಿನ ಸುದ್ದಿ ತಿಳಿಸಲು ಅದು ಬೇಕೇ ಬೇಕು, ಇರುತ್ತದೆ. ಪಾಠಕ್ಕೆ ಮಾತ್ರ ಬೇಡ ಎನ್ನುತ್ತೇನೆ.

ಒಂದು ವರ್ಷ ಮನೆಗೆಲಸವನ್ನೂ ಆ ಗ್ರೂಪಿನಲ್ಲೇ ತರಿಸಿ ನೋಡಿದ್ದೇವೆ. ನಲವತ್ತು ಮಕ್ಕಳ ನೋಟ್ಸಿನ ಫೋಟೋ ಒಂದರ ಮೇಲೊಂದು ಬಂದು ಬೀಳುತ್ತಿತ್ತು. ಒಬ್ಬರ ತಪ್ಪು ಎಲ್ಲರಿಗೂ ಕಾಣುತ್ತಿತ್ತು. ಲೆಕ್ಕದಲ್ಲಿ ಹಿಂದಿದ್ದ ಮಕ್ಕಳು ಎರಡು ವಾರ ಕಳಿಸಿದರು, ಆಮೇಲೆ ನಿಲ್ಲಿಸಿದರು. ಕೇಳಿದರೆ "ನೆಟ್‌ವರ್ಕ್ ಇರ್ಲಿಲ್ಲ ಮಿಸ್" ಎಂದರು. ಒಬ್ಬಳು ಮಾತ್ರ ನಿಜ ಹೇಳಿದಳು, "ಎಲ್ರೂ ನೋಡ್ತಾರೆ" ಅಂತ. ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಜಾಸ್ತಿ ಕಲಿಯಬೇಕಾದ ಮಗುವೇ ಬಾಯಿ ಮುಚ್ಚಿಕೊಂಡರೆ ನಾವು ಯಾರಿಗೆ ಪಾಠ ಮಾಡುತ್ತಿದ್ದೇವೆ? ಆ್ಯಪ್‌ನಲ್ಲಿ ಮಗು ಬರೆದದ್ದು ಟೀಚರಿಗೆ ಮಾತ್ರ ಕಾಣುತ್ತದೆ. ತಿದ್ದಿದ್ದು ಮಗುವಿಗೆ ಮಾತ್ರ ಕಾಣುತ್ತದೆ. ಹೆಣ್ಣುಮಕ್ಕಳ ಮನೆಯ ನಂಬರ್ ಎಲ್ಲರ ಕೈಗೆ ಹೋಗುವುದಿಲ್ಲ. ಇದನ್ನೇ ಮತ್ತೆ ಮತ್ತೆ ಹೇಳುತ್ತಿದ್ದೇನೆ ಅನ್ನಿಸಿದರೆ ಕ್ಷಮಿಸಿ.

ನಮ್ಮ ಊರಿನ ಮಳೆಯನ್ನೂ ನೆನೆಯಿರಿ. ಪುನರ್ವಸು ಮಳೆ ಹಿಡಿದರೆ ರಜೆಯ ಮೇಲೆ ರಜೆ. ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಎಷ್ಟೋ ಮನೆಯಲ್ಲಿ ಇರುವುದು ಒಂದೇ ಫೋನು, ಅದು ಅಪ್ಪನ ಜೊತೆ ತೋಟಕ್ಕೆ ಹೋಗಿ ಸಂಜೆಗೆ ಬರುತ್ತದೆ. ಈ ಆ್ಯಪ್‌ನಲ್ಲಿ ಪಾಠ ಅಲ್ಲೇ ಕಾದಿರುತ್ತದೆ. ರಾತ್ರಿ ಸಿಗ್ನಲ್ ಸಿಕ್ಕ ಐದು ನಿಮಿಷದಲ್ಲಿ ಇಳಿಸಿಕೊಂಡರೆ ಆಮೇಲೆ ನೆಟ್ ಬೇಡ. ಹಳೆಯ ಪಾಠಗಳು ಹೋದರೆ ನಮ್ಮ ಮಕ್ಕಳಿಗೆ ಹೋಗುವುದು ಇದೇ ಅನುಕೂಲ.

ಇದು ಅಡಿಕೆಗೆ ಬೋರ್ಡೋ ಔಷಧಿ ಹೊಡೆಸುವ ತಿಂಗಳು. ಮನೆಯಲ್ಲಿ ದುಡ್ಡಿನ ಬಿಗಿ ಇರುತ್ತದೆಂದು ಗೊತ್ತು. ದೀಪಾವಳಿ ಕಳೆದ ಮೇಲೆ ಕೊಟ್ಟರೂ ಆಗುತ್ತದೆ. ಕೊಡಲು ಆಗದಿದ್ದರೆ ನನಗೊಬ್ಬಳಿಗೆ ಹೇಳಿ, ಸಾಕು. ಯಾವ ಮಗುವಿನ ಹೆಸರನ್ನೂ ಆ್ಯಪ್‌ನಿಂದ ತೆಗೆಯುವುದಿಲ್ಲ, ತರಗತಿಯಲ್ಲಿ ಕೇಳುವುದೂ ಇಲ್ಲ. ಆದರೆ ತೀರ್ಮಾನ ಬದಲಾಗುವುದಿಲ್ಲ. ಒಂದು ವರ್ಷಕ್ಕೆ ಮಾತ್ರ ಕಟ್ಟುತ್ತಿದ್ದೇವೆ. ಪ್ರತಿ ಶನಿವಾರ ಎಲ್ಲ ಪಾಠಗಳನ್ನು ಶಾಲೆಯ ಹಾರ್ಡ್ ಡಿಸ್ಕ್‌ಗೂ ಹಾಕಿಡುತ್ತೇವೆ. ಮುಂದಿನ ಮೇ ತಿಂಗಳಲ್ಲಿ ನಿಮ್ಮನ್ನು ಕೂರಿಸಿಕೊಂಡೇ ಮತ್ತೆ ಯೋಚಿಸೋಣ.

ಮಕ್ಕಳ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎಂದು 2023ರ ದತ್ತಾಂಶ ಕಾಯ್ದೆ ಹೇಳುತ್ತದೆ. ಆದ್ದರಿಂದ ಜೊತೆಗಿರುವ ಚೀಟಿಗೆ ಸಹಿ ಹಾಕಿ, ಬರುವ ಶನಿವಾರದೊಳಗೆ ಮಗುವಿನ ಕೈಯಲ್ಲಿ ಕಳಿಸಿಕೊಡಿ.

ನಿಮ್ಮ,
ಮುಖ್ಯ ಶಿಕ್ಷಕಿ
ತೀರ್ಥಹಳ್ಳಿ ತಾಲ್ಲೂಕು