ಶಾಲೆಯ ಜಗಲಿಯಲ್ಲಿ ಕೂತಿರುವ ತಾಯಂದಿರು

ಮಾನ್ಯ ಸಂಪಾದಕರೆ,

ವಿಶೇಷ ಅಗತ್ಯವುಳ್ಳ ಮಕ್ಕಳನ್ನು ಶಾಲೆಗೆ ದಾಖಲಿಸಬೇಕೆಂದು ಪ್ರತಿ ವರ್ಷ ಶಾಲೆಗಳು ತೆರೆಯುವ ಹೊತ್ತಿಗೆ ಸುತ್ತೋಲೆಗಳು ಬರುತ್ತವೆ. ದಾಖಲಾದ ಮಗು ಬೆಳಿಗ್ಗೆಯಿಂದ ಸಂಜೆಯವರೆಗೆ ಶಾಲೆಯಲ್ಲಿ ಹೇಗಿರುತ್ತದೆ, ಅದಕ್ಕಾಗಿ ಮನೆಯವರು ಏನೇನು ಕಳೆದುಕೊಳ್ಳುತ್ತಾರೆ ಎಂಬುದು ಮಾತ್ರ ಯಾವ ಕಡತದಲ್ಲೂ ಸೇರುವುದಿಲ್ಲ. ಮೂರು ದಶಕ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕೆಲಸ ಮಾಡಿದ ನಾನು ಆ ಬಗ್ಗೆ ಬರೆಯುವುದು ನನ್ನ ಹೊಣೆಯೆಂದು ಭಾವಿಸಿದ್ದೇನೆ.

ನಾನು ಮುಖ್ಯ ಶಿಕ್ಷಕನಾಗಿದ್ದ ಹಳ್ಳಿಯೊಂದರ ಶಾಲೆಗೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲುಗಳ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ) ಇದ್ದ ಹುಡುಗನೊಬ್ಬ ಎರಡನೇ ತರಗತಿಗೆ ಸೇರಿದ. ಬಾಯಿಲೆಕ್ಕದಲ್ಲಿ ತರಗತಿಗೇ ಮುಂದಿದ್ದ. ಆದರೆ ಶೌಚಾಲಯಕ್ಕೆ ಹೋಗಲು, ಬಿಸಿಯೂಟದ ತಟ್ಟೆಯಿಂದ ಉಣ್ಣಲು, ಪುಸ್ತಕದ ಹಾಳೆ ತಿರುಗಿಸಲು ಅವನಿಗೆ ಇನ್ನೊಬ್ಬರ ಕೈ ಬೇಕಿತ್ತು. ಐದು ತರಗತಿಗಳಿಗೆ ಇದ್ದವರು ಇಬ್ಬರೇ ಶಿಕ್ಷಕರು. 'ನೀವೂ ದಿನಾ ಜೊತೇಲಿ ಬಂದು ಕೂತ್ರೆ ಅನುಕೂಲ ಕಣಮ್ಮ' ಎಂದು ಅವನ ತಾಯಿಗೆ ಹೇಳಿದವನು ನಾನೇ. ಆಕೆ ನಾಲ್ಕು ವರ್ಷ ಶಾಲೆಯ ಜಗಲಿಯಲ್ಲಿ ಕೂತರು. ರಾಗಿ ಕಟಾವಿನ ಕಾಲದಲ್ಲೂ ಕೂಲಿಗೆ ಹೋಗಲಿಲ್ಲ. ಇಳಿಜಾರು ಹಾದಿಯನ್ನೇನೋ ಕಟ್ಟಿಸಿದ್ದೆವು. ಶೌಚಾಲಯದ ಬಾಗಿಲು ಗಾಲಿ ಕುರ್ಚಿ ಹೋಗುವಷ್ಟು ಅಗಲವಿರಲಿಲ್ಲವಾದ್ದರಿಂದ ಮಗನನ್ನು ಅವರು ಎತ್ತಿಕೊಂಡೇ ಹೋಗುತ್ತಿದ್ದರು. ಹುಡುಗ ಬೆಳೆದಂತೆ ಅವರ ಬೆನ್ನು ಸೋತಿತು. ಐದನೇ ತರಗತಿ ಮುಗಿದ ಮೇಲೆ ಮುಂದಿನ ಶಾಲೆ ಪಕ್ಕದ ಊರಿನಲ್ಲಿತ್ತು, ಅವನ ಓದು ಅಲ್ಲಿಗೇ ನಿಂತಿತು. ಅಂದು ನಾನು ಕೇಳಿದ್ದು ಸಹಕಾರವೆಂದುಕೊಂಡಿದ್ದೆ. ಶಾಲೆ ಹೊರಬೇಕಾದ ಭಾರವನ್ನು ಒಬ್ಬ ತಾಯಿಯ ಹೆಗಲಿಗೆ ವರ್ಗಾಯಿಸಿದ್ದೆನೆಂದು ಈಗ ನನಗೆ ಅನಿಸುತ್ತದೆ.

ಕಾನೂನಿನಲ್ಲಿ ಕೊರತೆಯಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಅದರ 16ನೇ ಕಲಂ ಶಾಲಾ ಕಟ್ಟಡ ಮತ್ತು ಸೌಲಭ್ಯಗಳು ಈ ಮಕ್ಕಳ ಬಳಕೆಗೆ ಒದಗುವಂತಿರಬೇಕು ಎನ್ನುವುದಲ್ಲದೆ, ಹೆಚ್ಚಿನ ಆಸರೆ ಬೇಕಾದ ಮಗುವಿನ ಜೊತೆಗಾರರಿಗೂ ಸಾರಿಗೆ ವ್ಯವಸ್ಥೆ ಮಾಡಬೇಕೆಂದು ಹೇಳುತ್ತದೆ. 31ನೇ ಕಲಂ ಶೇ 40 ಅಥವಾ ಅದಕ್ಕೂ ಹೆಚ್ಚಿನ ನ್ಯೂನತೆಯುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ನೀಡಿದೆ. ಪ್ರಾಥಮಿಕ ಹಂತದಲ್ಲಿ ಇಂತಹ 10 ಮಕ್ಕಳಿಗೆ, ಅದರ ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿತ್ತು. ಹುದ್ದೆಗಳ ಸಂಖ್ಯೆಯನ್ನು ಅಧಿಸೂಚಿಸುವಂತೆ 2025ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಮತ್ತೆ ಸೂಚಿಸಬೇಕಾಗಿ ಬಂತು. ನಾನು ಕಂಡ ತಾಲ್ಲೂಕುಗಳಲ್ಲಿ ಎಲ್ಲ ಶಾಲೆಗಳಿಗೂ ಸೇರಿ ಬೆರಳೆಣಿಕೆಯ ಬಿಐಇಆರ್‌ಟಿಗಳಿದ್ದರು, ಅಂದರೆ ಈ ಮಕ್ಕಳಿಗಾಗಿಯೇ ಇರುವ ತಾಲ್ಲೂಕು ಮಟ್ಟದ ಸಂಪನ್ಮೂಲ ಶಿಕ್ಷಕರು. ಅವರ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ತಪಾಸಣಾ ಶಿಬಿರ, ಗೃಹಾಧಾರಿತ ಶಿಕ್ಷಣ, ವರದಿ ಎಲ್ಲವನ್ನೂ ನಿಭಾಯಿಸುವ ಅವರು ಒಂದು ಮಗುವಿನ ಪಕ್ಕದಲ್ಲಿ ಎಷ್ಟು ಹೊತ್ತು ಕೂರಲು ಸಾಧ್ಯ?

ಮಗುವನ್ನು ಶಾಲೆಗೆ ಕರೆತರುವವರಿಗಾಗಿ ಕೊಡುವ ಬೆಂಗಾವಲು ಭತ್ಯೆಯ ಅಲ್ಪ ಮೊತ್ತ ದಿನದ ಕೂಲಿಯನ್ನು ತುಂಬಿಕೊಡುವುದಿಲ್ಲ. ಬಿಸಿಯೂಟಕ್ಕೆ ಮಕ್ಕಳ ಸಂಖ್ಯೆಗೆ ಅನುಗುಣವಾಗಿ ಅದೇ ಊರಿನ ಮಹಿಳೆಯರನ್ನು ಗೌರವಧನದ ಮೇಲೆ ನೇಮಿಸಿಕೊಳ್ಳುವ ಏರ್ಪಾಡು ನಮ್ಮಲ್ಲಿ ಬೇರೂರಿದೆ. ಹೆಚ್ಚಿನ ಆಸರೆ ಬೇಕಾದ ಮಗು ಇರುವ ಶಾಲೆಗೆ ಅದೇ ರೀತಿ ಒಬ್ಬ ಸಹಾಯಕಿಯನ್ನು ನೇಮಿಸಿ, ಮಗುವನ್ನು ಎತ್ತುವ, ಉಣಿಸುವ, ಮೂರ್ಛೆ ಬಂದಾಗ ನೋಡಿಕೊಳ್ಳುವ ತರಬೇತಿ ಕೊಡುವುದು ಸರ್ಕಾರಕ್ಕೆ ಅಸಾಧ್ಯವಾದದ್ದಲ್ಲ. ಮಗುವಿನ ತಾಯಿಯೇ ಆ ಕೆಲಸಕ್ಕೆ ಮುಂದೆ ಬಂದರೆ ಗೌರವಧನ ಅವರಿಗೇ ಸಲ್ಲಲಿ.

ಇನ್ನೊಂದು ಮಾತು. ಅಕ್ಷರ ಕೂಡಿಸಲು ತಿಣುಕುವ ಡಿಸ್ಲೆಕ್ಸಿಯಾದಂತಹ ಸಮಸ್ಯೆಯ ಮಕ್ಕಳು ಕಣ್ಣಿಗೆ ಬೀಳುವುದೇ ಇಲ್ಲ. ಅವರನ್ನು ದಡ್ಡರೆಂದು ಹಿಂದಿನ ಸಾಲಿಗೆ ಕಳಿಸಿ, ಪೋಷಕರನ್ನು ಕರೆಸಿ ಗದರಿಸುವ ಅಭ್ಯಾಸ ಇನ್ನೂ ಇದೆ. ಗುರುತಿಸುವ ಕೆಲಸ ಶಾಲೆಯದೆಂದು ಅದೇ 16ನೇ ಕಲಂ ಹೇಳುತ್ತದೆ.

ಮುಂದಿನ ದಾಖಲಾತಿ ಆಂದೋಲನಕ್ಕೆ ಮೊದಲು ಶಿಕ್ಷಣ ಇಲಾಖೆಯು ಪ್ರತಿ ತಾಲ್ಲೂಕಿನಲ್ಲೂ ಮಗನಿಗಾಗಿ, ಮಗಳಿಗಾಗಿ ಶಾಲೆಯಲ್ಲೇ ದಿನ ಕಳೆಯುತ್ತಿರುವ ತಾಯಂದಿರು ಎಷ್ಟು ಜನರಿದ್ದಾರೆಂದು ಮುಖ್ಯ ಶಿಕ್ಷಕರಿಂದ ಪಟ್ಟಿ ತರಿಸಿಕೊಳ್ಳಲಿ. ಸಹಾಯಕಿಯರ ನೇಮಕ ಆ ಪಟ್ಟಿಯಲ್ಲಿರುವ ಶಾಲೆಗಳಿಂದಲೇ ಆರಂಭವಾಗಲಿ.

— ನಿವೃತ್ತ ಮುಖ್ಯ ಶಿಕ್ಷಕ, ತುಮಕೂರು ಜಿಲ್ಲೆ